ಮೂರನೆಯ ಹೆಸರು

ಮೂರು ದಿನದಿಂದ ಸಕ್ಕರೆ ಕಾರ್ಖಾನೆಯ ವೆಬ್‌ಸೈಟು ತೆರೆಯುತ್ತಿರಲಿಲ್ಲ. ಯಾರ ಹೊಲದ ಕಬ್ಬನ್ನು ಯಾವ ದಿನ ಕಡಿಯಬೇಕೆಂಬ ಪಾಳಿ ಪಟ್ಟಿ ಅದರೊಳಗಿತ್ತು. ರಾಯಬಾಗದ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ರೈತರು ಕಾಯುತ್ತ ಕೂತಿದ್ದರು.

ಎಮ್ಮೆಯ ಹೆರಿಗೆಗೆಂದು ಊರು ಕರೋಶಿಗೆ ಹೋಗಿದ್ದ ನಾನು ಆಗಷ್ಟೇ ಬಂದಿದ್ದೆ. ಎದುರು ಟೇಬಲ್ಲಿನಲ್ಲಿ ಉಜ್ವಲಾ. ಹೋದ ವಾರ ಶೇಡಬಾಳದಲ್ಲಿ ಅವಳ ಸಾಕರಪುಡಾ, ಅಂದರೆ ನಿಶ್ಚಿತಾರ್ಥ, ಮುಗಿದಿತ್ತು. ಬೆರಳಲ್ಲಿ ಹೊಸ ಉಂಗುರ. ಮದುವೆಯ ದಿನ ಮಾತ್ರ ಗೊತ್ತಾಗಿರಲಿಲ್ಲ. ಹೊಲದ ಕಬ್ಬು ಕಡಿದ ಏಳನೇ ದಿನ ಅಕ್ಷತೆ ಎಂದು ಅವಳಪ್ಪ ಬಾಬಾಸಾಹೇಬರು ಬೀಗರಿಗೆ ಹೇಳಿಟ್ಟಿದ್ದರು. ಪಾಳಿಯಲ್ಲಿ ಅವರದು ಮೂರನೆಯ ಹೆಸರು.

ಪರದೆ ತುಂಬ ಇಂಪೋರ್ಟ್ ಎರರ್. ಲೈಬ್ರರಿಗಳನ್ನು ಮತ್ತೆ ಹಾಕಿದೆ, ಪೈಥಾನ್ ವರ್ಷನ್ ನೋಡಿದೆ. ಎರಡೂ ಸರಿಯಿದ್ದವು. ಕೊನೆಗೆ ಸಿಕ್ಕಿತು: ರೈತರ ಫೈಲು ಪಾಳಿಯ ಫೈಲನ್ನು ಕರೆಯುತ್ತಿತ್ತು, ಪಾಳಿಯ ಫೈಲು ತಾನು ಪೂರ್ತಿ ತೆರೆಯುವ ಮೊದಲೇ ರೈತರ ಫೈಲನ್ನು ಕೇಳುತ್ತಿತ್ತು. ಒಂದಕ್ಕೊಂದು ಕಾಯುತ್ತ ಎರಡೂ ಬಿದ್ದಿದ್ದವು.

ಬದಲಾವಣೆಗಳ ಹಿಸ್ಟರಿ ತೆಗೆದೆ. ಪಾಳಿಯ ಫೈಲಿನಲ್ಲಿ, ಫಂಕ್ಷನ್ ಒಳಗಿದ್ದು ರೈತರ ಫೈಲನ್ನು ಕರೆಯುವ ಸಾಲನ್ನು ಮೂರು ದಿನದ ಹಿಂದೆ ಫೈಲಿನ ತಲೆಗೆ ಏರಿಸಲಾಗಿತ್ತು. ಏರಿಸಿದವಳು ಉಜ್ವಲಾ. ಆ ಸಾಲು ಮೇಲೆ ಹೋದರೆ ಸೈಟು ಬೀಳುತ್ತದೆಂದು ಎರಡು ವರ್ಷದ ಹಿಂದೆ ನನಗೆ ಕಲಿಸಿದವಳೂ ಅವಳೇ.

"ಇದು ತಪ್ಪಿ ಆಗಿದ್ದಲ್ಲ," ಎಂದೆ.

ಅವಳು ಕೀಬೋರ್ಡಿನ ಧೂಳು ಒರೆಸಿದಳು. "ಪಾಳಿ ನಿಂತು ನಾಕ ದಿನಾ ಸಿಗಲಿ ಅಂತ ಮಾಡಿದ್ನಿ. ಅಷ್ಟ್ರಾಗ ನೀ ಏನರೆ ಹೇಳ್ತಿ ಅಂದ್ಕೊಂಡ್ನಿ, ಸುಹಾಸ. ನೀ ನೋಡಿದ್ರ ಎಮ್ಮಿ ಈಸಾಕ ಹೋದಿ."

"ಹೊಟ್ಟ್ಯಾಗ ಕರಾ ಅಡ್ಡ ಆಗಿತ್ತು."

"ಉಳೀತೇನು?"

"ಇಲ್ಲ."

ಇಬ್ಬರೂ ಪರದೆಯತ್ತ ತಿರುಗಿದೆವು. ಗಾಜಿನಲ್ಲಿ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿ, ತಪ್ಪಿಸಿಕೊಳ್ಳಲಿಲ್ಲ.

"ನನಗ ನೀ ಬೇಕಾಗಿದ್ದಿ," ಎಂದೆ. "ಆ ಸಾಲು ಕಲಿಸಿದ ದಿನದಿಂದ."

"ಎರಡ ವರ್ಷ ಬೇಕಾತಲ್ಲೋ, ಇಷ್ಟ ಹೇಳಾಕ," ಎಂದು ನಕ್ಕಳು. ಕಣ್ಣು ಉಂಗುರದ ಮೇಲೆ ಬಿದ್ದು ನಗು ನಿಂತಿತು.

ಬಾಗಿಲಲ್ಲಿ ಪಾಲಬಾವಿಯ ಮುದುಕಿ ಕೆಂಪವ್ವ ನಿಂತಿದ್ದಳು. ಅರ್ಧ ಎಕರೆಯವಳು, ಪಟ್ಟಿಯಲ್ಲಿ ಮೊದಲ ಹೆಸರು. "ಇವತ್ತರೆ ಆಗ್ತೈತೇನಪಾ ತಮ್ಮಾ? ಕಬ್ಬು ಹೂ ಬಿಟ್ಟು ಬೆಂಡಾಗಾಕತ್ತೈತಿ."

ನನ್ನ ಕೈ ಮೌಸಿನ ಮೇಲಿತ್ತು. ಅಲುಗಲಿಲ್ಲ.

ಉಜ್ವಲಾ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. "ಆಗ್ತೈತಿ, ಆಯಿ. ಕುಂದರ್ರಿ," ಎಂದಳು. ಸಾಲನ್ನು ಮತ್ತೆ ಫಂಕ್ಷನ್ ಒಳಗೆ ಇಳಿಸಿದಳು. ಸೈಟು ತೆರೆಯಿತು.

ಪ್ರಿಂಟು ತೆಗೆದು ನನ್ನ ಕೈಗಿಟ್ಟಳು. ಹಾಳೆ ಇನ್ನೂ ಬೆಚ್ಚಗಿತ್ತು. ಹೊರಗಿನ ಗೋಡೆಗೆ ಅದನ್ನು ಅಂಟಿಸುತ್ತ, ಮೂರನೆಯ ಹೆಸರಿನ ಮುಂದಿದ್ದ ತಾರೀಖಿಗೆ ಏಳು ಕೂಡಿಸಿದೆ.