ಗೋಡೆಯ ಮೇಲೆ ಹೋಗುವ ಟೋಪಿ

“ಅತ್ತೆ, ಆ ಟೋಪಿ ತೆಗೆದುಬಿಡು,” ಎಂದಳು ಸಾಸಿವೆ.

ಅತ್ತೆ ಸೈಕಲ್ಲಿನ ಹಿಂದಿನ ಪೆಟ್ಟಿಗೆಗೆ ಬನ್ನು ತುಂಬುತ್ತಿದ್ದಳು. ಬೇಕರಿಯ ಒಲೆಯಿಂದ ಸಾಸಿವೆಯ ಅಪ್ಪ ಆಗಷ್ಟೇ ಇಳಿಸಿದ ಬನ್ನು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

“ಯಾಕೇ? ಟೋಪಿಗೇನಾಗಿದೆ?”

“ಎಲ್ಲರೂ ನಗ್ತಾರೆ.”

“ಎಲ್ಲರೂ ಅಂದ್ರೆ ಯಾರು?”

ಸಾಸಿವೆ ತನ್ನ ಸೈಕಲ್ಲಿನ ಪೆಡಲನ್ನು ಕಾಲಲ್ಲಿ ಸುಮ್ಮನೆ ತಿರುಗಿಸಿದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಆಳು ಗಿಡ್ಡ, ಚೂರು ಬಿಸಿ ತಾಗಿದರೂ ಚಟಪಟ ಸಿಡಿಯುತ್ತಾಳೆ ಎಂದು ಮನೆಯವರು ಸಾಸಿವೆ ಎಂದೇ ಕರೆಯುತ್ತಿದ್ದರು.

ಎಲ್ಲರೂ ಅಂದರೆ ಅವಳ ಕ್ಲಾಸಿನ ಸೀಟಿ. ಮಾತಿಗೆ ಮೊದಲು ಸೀಟಿ ಹೊಡೆಯುವ ಹುಡುಗ. ಸಾಸಿವೆ ಅಂಗಡಿಯಲ್ಲಿ ತಾನೇ ಆರಿಸಿದ ಕಿತ್ತಳೆ ಬಣ್ಣದ ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ಹೋದ ಮೊದಲ ದಿನವೇ ಅವನು ‘ಕುಂಬಳಕಾಯಿ’ ಎಂದು ಹೆಸರಿಟ್ಟಿದ್ದ. ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ನಿನ್ನೆ ಅವನು ಇನ್ನೊಂದು ಹೊಸದು ತಂದಿದ್ದ. ಇವಳ ಅತ್ತೆ ಹಾಸಿಗೆಯಿಂದ ಏಳುವಾಗ ದಿಂಬನ್ನು ತಲೆಯ ಮೇಲೇ ಬಿಟ್ಟು ಸೈಕಲ್ ಹತ್ತುತ್ತಾಳಂತೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತ್ತು.

ಇವತ್ತು ಶಾಲೆಗೆ ರಜೆ. ತಿಂಗಳಿಂದ ಕಾಡಿ ಬೇಡಿ, ಅತ್ತೆಯ ಜೊತೆ ಬನ್ನು ಮಾರಲು ಹೊರಟ ಮೊದಲ ದಿನ. ಕೊನೆಗೆ ಹೋಗಬೇಕಾದ ಬೀದಿಯಲ್ಲೇ ಸೀಟಿಯ ಮನೆ. ಅಲ್ಲಿಗೆ ಆ ಟೋಪಿಯ ಜೊತೆ ಹೋಗುವುದೆಂದರೆ ಆಯಿತು, ನಾಳೆ ಕ್ಲಾಸಿನಲ್ಲಿ ತಲೆ ಎತ್ತುವ ಹಾಗಿಲ್ಲ.

ಟೋಪಿಯೂ ಅಂಥಾದ್ದೇ. ಬೇಕರಿಯವರು ಹಾಕಿಕೊಳ್ಳುವ ಬಿಳಿ ಬಟ್ಟೆಯ ಟೋಪಿ. ಆದರೆ ಅತ್ತೆ ಅದನ್ನು ಒಂದು ಗೇಣು ಎತ್ತರ ಹೊಲಿದು, ಗಂಜಿ ಹಾಕಿ ಗರಿಗರಿ ಮಾಡಿ, ಸೈಕಲ್ ಮೇಲೂ ಹಾಕಿಕೊಂಡೇ ತಿರುಗುತ್ತಿದ್ದಳು.

ಅತ್ತೆ ಟೋಪಿ ತೆಗೆದಳು. ಬೈಯಲಿಲ್ಲ, ನಗಲೂ ಇಲ್ಲ. ಮಡಚಿ ಪೆಟ್ಟಿಗೆಯ ತಳಕ್ಕೆ ತುರುಕಿ, ಮೇಲೆ ಬನ್ನಿನ ತಟ್ಟೆ ಇಟ್ಟಳು. ಸಾಸಿವೆಗೆ ಅತ್ತೆಯ ಮುಖ ನೋಡಲು ಆಗಲಿಲ್ಲ. ಬೇಗ ಬೇಗ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಪೆಡಲ್ ತುಳಿದಳು.

ಈ ಬೀದಿಗಳಲ್ಲಿ ಬೆಲ್ ಹೊಡೆಯುವಂತಿಲ್ಲ, ಕೂಗುವಂತಿಲ್ಲ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವರು ಆಗಷ್ಟೇ ಮಲಗಿರುತ್ತಾರೆ. ಹಾಗಾದರೆ ನಾವು ಬಂದಿದ್ದು ಜನಕ್ಕೆ ಗೊತ್ತಾಗುವುದು ಹೇಗೆ ಎಂದು ಸಾಸಿವೆ ಕೇಳಿದಳು.

“ನಮ್ಮ ಬನ್ನಿನ ಘಮ ಕಣೇ,” ಎಂದಳು ಅತ್ತೆ. “ಮೂಗು ಹಿಡ್ಕೊಂಡು ಎಳೆದ ಹಾಗೆ ಗೇಟಿಗೆ ಬರ್ತಾರೆ, ನೋಡ್ತಿರು.”

ನೋಡಿದರು. ಮೊದಲ ಬೀದಿಯಲ್ಲಿ ಒಂದು ಬೆಕ್ಕು ಬಂತು. ಎರಡನೆಯದರಲ್ಲಿ ಅದೂ ಇಲ್ಲ. ಎರಡೂ ಕಡೆ ಎತ್ತರದ ಕಾಂಪೌಂಡು ಗೋಡೆ, ಮುಚ್ಚಿದ ಗೇಟು. ಅತ್ತೆ ನಿಧಾನಕ್ಕೆ ತುಳಿದಳು. ಹಿಂದಕ್ಕೆ ತಿರುಗಿ ಇನ್ನೊಂದು ಸುತ್ತು ಹಾಕಿದಳು. ಮೂರನೆಯ ಬೀದಿ ಮುಗಿಯುವ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳ ಮುಟ್ಟಿ ನೋಡಿದಳು. ಬಿಸಿ ಇಳಿಯುತ್ತಿತ್ತು. ತಣ್ಣಗಾದ ಬನ್ನನ್ನು ಯಾರೂ ಮೂಸುವುದಿಲ್ಲ. ಅಷ್ಟೂ ಬನ್ನು ವಾಪಸು ಹೋದರೆ, ಒಲೆಯ ಮುಂದೆ ಬೆವರು ಸುರಿಸಿದ ಅಪ್ಪನಿಗೆ ಏನು ಹೇಳುವುದು?

“ಹಿಟ್ಟು ಸರಿಯಾಗಿ ಹುಳಿ ಬಂದಿಲ್ವೇನೋ,” ಎಂದು ಅತ್ತೆ ತನ್ನಷ್ಟಕ್ಕೆ ಹೇಳಿಕೊಂಡಳು. “ಘಮ ಬರ್ತಿಲ್ಲ.”

ಘಮ ಬರುತ್ತಿತ್ತು. ಸಾಸಿವೆಯ ಹೊಟ್ಟೆ ಆಗಿನಿಂದ ಅದನ್ನೇ ಹೇಳುತ್ತಿತ್ತು.

ಅಷ್ಟರಲ್ಲಿ ಹಿಂದೆ ಚಪ್ಪಲಿಯ ಪಟಪಟ ಸದ್ದು. ಒಬ್ಬ ಅಜ್ಜಿ, ಬಾಯಲ್ಲಿ ಬ್ರಶ್ಶು, ಗಲ್ಲದ ತುಂಬ ನೊರೆ, ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದಳು. ಚರಂಡಿಗೆ ಉಗಿದು, ಉಸಿರು ಬಿಟ್ಟು, ಅತ್ತೆಯನ್ನು ತರಾಟೆಗೆ ತೆಗೆದುಕೊಂಡಳು.

“ಏನಮ್ಮಾ ನೀನು, ಕಳ್ಳಿ ಹಾಗೆ ಹೋಗ್ತಾ ಇದೀಯ? ಆಗ್ಲಿಂದ ಗೋಡೆ ನೋಡ್ಕೊಂಡೇ ಹಲ್ಲು ಉಜ್ತಾ ಇದೀನಿ. ಹಲ್ಲು ಸವೆದುಹೋಯ್ತು. ಗೇಟಿನ ಸಂದೀಲಿ ಸೈಕಲ್ ಕಂಡಿದ್ದಕ್ಕೆ ಓಡಿ ಬಂದೆ.”

“ಗೋಡೆ ಯಾಕಜ್ಜಿ?”

“ಮತ್ತೆ? ಗೋಡೆ ಮೇಲೆ ನಿನ್ನ ಟೋಪಿ ತೇಲ್ಕೊಂಡು ಹೋದ್ರೆ ತಾನೇ ಬನ್ನು ಬಂತು ಅಂತ ಗೊತ್ತಾಗೋದು? ಈ ಬೀದೀಲಿ ಎಲ್ಲರೂ ಅದನ್ನೇ ಕಾಯೋದು.”

“ಘಮಕ್ಕೆ ಬರ್ತಿರ್ಲಿಲ್ವಾ?”

“ನನಗೆ ಶೀತ ಆಗಿ ಮೂಗು ಕಟ್ಟಿ ವಾರ ಆಯ್ತು,” ಎಂದಳು ಅಜ್ಜಿ.

ಇಷ್ಟು ವರ್ಷ ಬನ್ನು ಮಾರಿದವಳಿಗೇ ಈ ಸಂಗತಿ ಗೊತ್ತಿರಲಿಲ್ಲ. ಅತ್ತೆ ನಗತೊಡಗಿದಳು. ಬೀದಿಯವರು ಏಳಬಾರದೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಹೊಟ್ಟೆ ಕುಣಿಸಿ ನಕ್ಕಳು.

ಟೋಪಿಯನ್ನು ಹೊರಗೆ ತೆಗೆದರು. ಬಿಸಿ ತಟ್ಟೆಯ ಕೆಳಗೆ ಸಿಕ್ಕಿ, ಹಬೆಗೆ ಗಂಜಿಯೆಲ್ಲ ಮೆತ್ತಗಾಗಿತ್ತು. ಅತ್ತೆ ಹಾಕಿಕೊಂಡರೆ ಒದ್ದೆ ಕರ್ಚೀಫಿನಂತೆ ಕಿವಿಯ ಮೇಲೆ ಜೋತುಬಿತ್ತು. ನೇರ ಮಾಡಿದಳು. ಮತ್ತೆ ಬಿತ್ತು.

ಸಾಸಿವೆ ಟೋಪಿಯನ್ನೇ ನೋಡುತ್ತಿದ್ದಳು. ಮುಂದಿನ ತಿರುವು ದಾಟಿದರೆ ಸೀಟಿಯ ಬೀದಿ. ಅವಳು ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ಆಮೇಲೆ ಕೈ ಚಾಚಿದಳು.

“ಕೊಡತ್ತೆ ಇಲ್ಲಿ.”

ಹೆಲ್ಮೆಟ್ಟಿನ ಮೇಲೆ ಎಳೆದು ಕೂರಿಸಿದಳು. ಟೋಪಿ ಬಿಗಿಯಾಗಿ ಕೂತಿತು. ಅಂಚಿನ ಕೆಳಗೆ ಒಂದು ಬೆರಳು ಕಿತ್ತಳೆ ಬಣ್ಣ, ಮೇಲೆ ಗುಡ್ಡದ ಹಾಗೆ ಬಿಳಿ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಇದು ಮೊದಲಿನದಕ್ಕಿಂತ ವಾಸಿ ಎಂದಳು.

ತಿರುವು ದಾಟುತ್ತಲೇ ಮೆಲ್ಲಗೊಂದು ಸೀಟಿ ಕೇಳಿಸಿತು. ಅವನು ಚಡ್ಡಿ ಬನಿಯನ್ನಿನಲ್ಲಿ, ಕೆದರಿದ ತಲೆಯಲ್ಲಿ, ತನ್ನ ಮನೆಯ ಗೇಟು ಹತ್ತಿ ಕೂತಿದ್ದ.

“ಅಮ್ಮಾ, ಬನ್ನು ಬಂತು,” ಎಂದು ಒಳಗೆ ತಿರುಗಿ ಪಿಸುಗುಟ್ಟಿದವನು ಸಾಸಿವೆಯನ್ನು ಕಂಡು ಕಣ್ಣು ಕಣ್ಣು ಬಿಟ್ಟ. “ಅಯ್ಯೋ, ಕುಂಬಳಕಾಯಿ ಮೇಲೆ ದಿಂಬು.”

ಸಾಸಿವೆ ಸಿಡಿಯಲು ಬಾಯಿ ತೆರೆದಳು. ತೆರೆದ ಬಾಯಿಂದ ಬಂದದ್ದು ನಗು. ಹೌದಲ್ಲ, ಥೇಟ್ ಹಾಗೇ ಕಾಣುತ್ತಿರಬೇಕು. ಅವನೂ ನಕ್ಕ. ಆಮೇಲೆ, ನಮಗೆ ನಾಲ್ಕು ಬನ್ನು, ಮೆತ್ತಗಿರೋದು ನೋಡಿ ಕೊಡೇ ಎಂದ.

ಆಚೆ ಈಚೆ ಗೇಟುಗಳು ಕಿರುಗುಟ್ಟಿದವು. ಪಾತ್ರೆ, ಚೀಲ, ಬುಟ್ಟಿ ಹಿಡಿದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೆಲವರು ನಕ್ಕರು, ಕೆಲವರು ನಿದ್ದೆಗಣ್ಣಲ್ಲಿ ನೋಡಲೇ ಇಲ್ಲ. ಅತ್ತೆಯ ಕೈಗೆ ಬಿಡುವಿರಲಿಲ್ಲ.

“ಸಾಸಿವೆ, ಆ ಕಡೆ ಗೋಡೆ ಎತ್ತರ ಇದೆ,” ಎಂದಳು ಅತ್ತೆ, ಬನ್ನು ಎಣಿಸುತ್ತಲೇ. “ಅವರಿಗೆ ಕಾಣ್ತಿಲ್ಲ ಅನ್ಸುತ್ತೆ.”

ಸಾಸಿವೆ ಗೋಡೆಯನ್ನು ನೋಡಿದಳು. ಸೀಟು ಬಿಟ್ಟು ಎದ್ದು, ಪೆಡಲ್ ಮೇಲೆ ನೆಟ್ಟಗೆ ನಿಂತು, ಕತ್ತು ಎಷ್ಟು ಉದ್ದವಾಗುತ್ತದೋ ಅಷ್ಟು ಎತ್ತಿ, ಗೋಡೆಯ ಉದ್ದಕ್ಕೂ ಸೈಕಲ್ ಬಿಟ್ಟಳು.