ಸುಸ್ತ್ ಅಜ್ಜಿ

"ಬಾ ನೇ ಕೇಮ್ ಛೇ, ಬೇಟಾ?" ಅಜ್ಜಿ ಹೇಗಿದ್ದಾರೆ ಎಂದು ಡಾಕ್ಟರು ಮೀರಾಳನ್ನೇ ಕೇಳಿದರು.

ನಾಗವೇಣಿ ಅಜ್ಜಿ ಉಡುಪಿಯಿಂದ ಅಹಮದಾಬಾದಿಗೆ ಬಂದು ವರ್ಷವಾಗಿತ್ತು. ಆದರೂ ಗುಜರಾತಿ ಬಾರದು. ಅಪ್ಪನಿಗೆ ಹೋಟೆಲಿನಲ್ಲಿ ಊಟದ ರಶ್. ಹಾಗಾಗಿ ಐದನೇ ಕ್ಲಾಸಿನ ಮೀರಾಳೇ ಇವತ್ತು ಅಜ್ಜಿಯ ಬಾಯಿ.

"ಎದೆ ಈಗ ಢವಢವ ಹಾರುದಿಲ್ಲ, ಮಾತ್ರೆ ಒಳ್ಳೇದುಂಟು. ಆದ್ರೆ ತುಂಬ ಸುಸ್ತು ಅಂತ ಹೇಳು ಮಗಾ."

ಮೀರಾ ಮೊದಲನೆಯದನ್ನು ಹೇಳಿದಳು. ಎರಡನೆಯದನ್ನು ಹೇಳಲಿಲ್ಲ. ಹೋಮ್‌ವರ್ಕ್ ಮಾಡದವರನ್ನು ಅವಳ ಗುಜರಾತಿ ಟೀಚರ್ 'ಸುಸ್ತ್' ಎಂದೇ ಬೈಯುತ್ತಿದ್ದರು. ಸುಸ್ತ್ ಅಂದರೆ ಸೋಮಾರಿ! ಸ್ವಂತ ಅಜ್ಜಿಯನ್ನು ಸೋಮಾರಿ ಅಂತ ಡಾಕ್ಟರ ಹತ್ತಿರ ಹೇಳುವುದುಂಟಾ?

"ಬಸ್, ಮಜಾಮಾ ಛೇ," ಎಂದಳು. ಆರಾಮಾಗಿದ್ದಾರೆ.

ಡಾಕ್ಟರು ಅದೇ ಮಾತ್ರೆ ಮುಂದುವರಿಸಿದರು.

ಮನೆಯಲ್ಲಿ ಅಜ್ಜಿ ಹೊತ್ತೇರಿದರೂ ಏಳುತ್ತಿರಲಿಲ್ಲ. ಮೇ ತಿಂಗಳ ಧಗೆಯಲ್ಲೂ ಸ್ವೆಟರ್ ಹಾಕಿ, ಫ್ಯಾನ್ ಆಫ್ ಮಾಡಿಸುತ್ತಿದ್ದರು.

"ಸುಸ್ತ್ ಅಜ್ಜಿ! ಸುಸ್ತ್ ಅಜ್ಜಿ!" ಮೀರಾ ದಿನಾ ಮಂಚದ ಸುತ್ತ ಕುಣಿಯುತ್ತಿದ್ದಳು.

"ಹೌದು ಮಗಾ, ಸುಸ್ತು," ಎಂದು ಅಜ್ಜಿ ಅವಳ ತಲೆ ಸವರುತ್ತಿದ್ದರು. ಬೈಸಿಕೊಂಡೂ ನಗುತ್ತಾರಲ್ಲ ಈ ಅಜ್ಜಿ!

ಎರಡು ತಿಂಗಳ ಮೇಲೆ ಅಜ್ಜಿಯ ಮುಖ ಬಾತುಕೊಂಡಿತು, ಸ್ವರ ಗೊಗ್ಗರಾಯಿತು. ಈ ಸಲ ಅಪ್ಪನೂ ಬಂದರು. ಡಾಕ್ಟರು ರಕ್ತ ತೆಗೆಸಿದರು. ಆಗೆಲ್ಲ ಇಂಥ ಪರೀಕ್ಷೆ ಬೊಂಬಾಯಿಯಲ್ಲೇ; ರಿಪೋರ್ಟ್ ಬರಲು ಹತ್ತು ದಿನ ಹಿಡಿಯಿತು.

"ಎದೆಯ ಮಾತ್ರೆಯಿಂದ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾಗಿದೆ," ಎಂದರು ಡಾಕ್ಟರು. "ಅದಕ್ಕೇ ಈ ಚಳಿ, ಈ ಬಾವು. ಇದಕ್ಕೂ ಮಾತ್ರೆ ಇದೆ. ಆದರೆ ಅಜ್ಜಿ ಮೊದಲೇ ಹೇಳಬೇಕಿತ್ತು."

"ಅಮ್ಮಾ, ಸುಸ್ತಾಗ್ತದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ ಅಪ್ಪ, 'ಸುಸ್ತ್' ಕೇಳಿ ಹುಬ್ಬೇರಿಸಿದ ಡಾಕ್ಟರ ಕಡೆ ತಿರುಗಿ, "ನಮ್ಮ ಭಾಷೆಯಲ್ಲಿ ಸುಸ್ತು ಅಂದರೆ ಥಾಕ್," ಎಂದರು.

ಥಾಕ್! ಅದು ಮೀರಾಳಿಗೆ ಗೊತ್ತು. ಮೈದಾನದಲ್ಲಿ ಓಡಿ ಓಡಿ ಕಾಲು ಸೋತಾಗ ಆಗುತ್ತದಲ್ಲ, ಅದು.

"ಯಾಕೆ, ಮೀರಾಗೆ ಗೊತ್ತುಂಟಲ್ಲ," ಎಂದರು ಅಜ್ಜಿ ನಿಧಾನವಾಗಿ. "ದಿನಾ ಮಂಚದ ಹತ್ರ ಬಂದು ಕೇಳ್ತಿತ್ತು ಕೂಸು, ಸುಸ್ತಾ ಅಜ್ಜಿ ಅಂತ. ಅದೊಂದೇ ಮನೇಲಿ ನನ್ನನ್ನು ಕೇಳಿದ್ದು."

ಆಟೋದಲ್ಲಿ ಮೀರಾ ಅಜ್ಜಿಗೆ ಒತ್ತಿಕೊಂಡೇ ಕೂತಳು.

ಅವರ ಮನೆ ಎರಡನೇ ಮಹಡಿ. ಯಾವಾಗಲೂ ದಡದಡ ಮುಂದೆ ಓಡುವವಳು ಇವತ್ತು ಅಜ್ಜಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ಅಜ್ಜಿ ನಿಂತರು. ಮೀರಾಳೂ ನಿಂತಳು.

"ಸುಸ್ತಾ, ಅಜ್ಜಿ?"

ಅಜ್ಜಿಗೆ ಉಸಿರು ಬರುವವರೆಗೂ ಕಾದಳು.