ತುಟಿಯಲ್ಲಿ ಕಂಡ ಮಾತು

“ಕೇಳಿಸಲ್ವೇನ್ರೀ ನಿಮಗೆ? ಎಷ್ಟು ಸಲ ಹೇಳೋದು, ಎಳೆ ತುಳೀಬೇಡ್ರಿ ಅಂತ!”

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನಾಗಾರ್ಜುನ ಸಿಟ್ಟಿನಿಂದ ತಿರುಗಿದ. ಆ ಮುಖ ಕಂಡ ಮೇಲೆಯೇ, ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಶೈಲಜಾಳಿಗೆ ಗೊತ್ತಾದದ್ದು. ಬಗ್ಗಿ ನೋಡಿದಳು. ಹೊಸ್ತಿಲ ಒಳಗೆ ಹರಡಿದ್ದ ಕೆಂಪು ರೇಷ್ಮೆ ಎಳೆಗಳ ಮೇಲೆ ಅವಳ ಪಾದ!

ತಟ್ಟನೆ ಹಿಂದೆ ಸರಿದಳು.

“ಇಲ್ಲ,” ಎಂದಳು. “ಕೇಳಿಸಲ್ಲ. ನನಗೆ ಕಿವಿ ಕೇಳಲ್ಲ.”

ಏರಿಳಿತವಿಲ್ಲದ, ತುಸು ಗಡುಸಾದ ಧ್ವನಿ. ನಾಗಾರ್ಜುನನ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು.

ಕಿವಿ ಕೇಳದ ಮಕ್ಕಳು ಮನೆಯಲ್ಲಿ ಯಾವ ಭಾಷೆಯಲ್ಲಿ ಬೆಳೆಯುತ್ತಾರೆ, ಅದರಿಂದ ಅವರ ಕಲಿಕೆ ಏನಾಗುತ್ತದೆ ಎಂದು ತಿಳಿಯುವ ಸಂಶೋಧನೆಯೊಂದು ಆಗ ನಡೆದಿತ್ತು. ಚಳ್ಳಕೆರೆಯ ಶೈಲಜಾ ಅದರ ಪರವಾಗಿ ಮನೆಮನೆಗೆ ಹೋಗಿ ಮಕ್ಕಳಿಗೆ ಸನ್ನೆಭಾಷೆ ಕಲಿಸುತ್ತಿದ್ದಳು. ಮೊಳಕಾಲ್ಮೂರಿನ ಈ ಮನೆಯಲ್ಲಿದ್ದ ಮಗು ತೇಜಶ್ರೀ, ನಾಗಾರ್ಜುನನ ಅಣ್ಣನ ಮಗಳು. ಹುಟ್ಟಿನಿಂದ ಕಿವುಡಿ. ಆರು ವರ್ಷ.

ನಾಗಾರ್ಜುನ ಗೋಡೆಯ ಕಡೆ ತಿರುಗಿ ಏನೋ ಗೊಣಗಿದ.

“ಈ ಕಡೆ ತಿರುಗಿ ಹೇಳ್ರಿ,” ಎಂದಳು ಶೈಲಜಾ. “ಬೈಯೋದಾದ್ರೂ ಎದುರಿಗೇ ಬೈರಿ. ತುಟಿ ನೋಡಿದ್ರೆ ತಿಳೀತೈತೆ.”

ಅವನು ಕೆಂಪಾದ. “ಬೈಲಿಲ್ಲ ಟೀಚರ್ರೇ. ಕಿವಿ ಕೇಳದ ಮಗೂಗೆ ಕಿವಿ ಕೇಳದ ಟೀಚರ್ ಏನ್ ಕಲಿಸ್ತಾರೆ ಅಂದೆ.”

“ನಿಮ್ಮನೇಲಿ ಎಲ್ಲಾರ್ಗೂ ಕಿವಿ ಕೇಳ್ತೈತಲ್ಲ. ನೀವೇನ್ ಕಲಿಸಿದ್ರಿ?”

ಅವನು ಲಾಳಿ ಕೆಳಗಿಟ್ಟು ಗುಂಡಿಯಿಂದ ಎದ್ದ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೇಜಶ್ರೀಗೆ ಎರಡೂ ಇರಲಿಲ್ಲ. ಅನ್ನ, ನೀರು, ಏಟು... ಇಷ್ಟಕ್ಕೆ ಮನೆಯವರೇ ಮಾಡಿಕೊಂಡ ಸನ್ನೆಗಳಿದ್ದವು. ‘ನಾಳೆ’ಗೆ ಇರಲಿಲ್ಲ. ಅಪ್ಪ ಸೀರೆಯ ಗಂಟು ಹೊತ್ತು ಬಸ್ ಹತ್ತಿದಾಗಲೆಲ್ಲ ಮಗು ನೆಲದಲ್ಲಿ ಉರುಳಾಡಿ ಅಳುತ್ತಿತ್ತು. ಅವನು ಮರಳಿ ಬರುತ್ತಾನೆಂದು ಹೇಳುವ ದಾರಿ ಯಾರಿಗೂ ತಿಳಿದಿರಲಿಲ್ಲ.

ಶೈಲಜಾ ವಾರಕ್ಕೊಮ್ಮೆ ಬಂದಳು. ಮಲಗಿ ತೋರಿಸಿದಳು, ಎದ್ದು ತೋರಿಸಿದಳು, ಬೆಳಗಾದದ್ದನ್ನು ತೋರಿಸಿದಳು. ಆಮೇಲೆ ಅದೆಲ್ಲಕ್ಕೂ ಸೇರಿಸಿ ಒಂದು ಸನ್ನೆ ಕಲಿಸಿದಳು.

ಮುಂದಿನ ಸಲ ಅಪ್ಪ ಹೊರಟಾಗ ತೇಜಶ್ರೀ ಹುಬ್ಬೆತ್ತಿ ಕೈಯಲ್ಲಿ ಕೇಳಿದಳು: ನಾಳೆ?

ನಾಳೆ, ಎಂದಿತು ನಾಗಾರ್ಜುನನ ಕೈ.

ಮಗು ಸುಮ್ಮನೆ ಹೋಗಿ ತಟ್ಟೆಯ ಮುಂದೆ ಕೂತಿತು. ಅವನು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ. ಈ ಸಲ ಶೈಲಜಾ ತಿರುಗಲು ಹೇಳಲಿಲ್ಲ.

ಅಂದಿನಿಂದ ಅವನೂ ಸನ್ನೆ ಕಲಿಯಲು ಕೂತ.

“ನನ್ನ ಹೆಸ್ರು ನಾಗಾರ್ಜುನ ಅಂದೆ. ಸರಿನಾ ಟೀಚರ್ರೇ?”

“ನನ್ನ ಹೆಸ್ರು ಎಮ್ಮೆ ಅಂದ್ರಿ.”

“ಅಯ್ಯೋ! ಮಗ್ಗ ಹೊಡೆದ ಕೈ, ಬಗ್ಗಲ್ಲ.”

“ಎಮ್ಮೆನೂ ಅಷ್ಟೇ, ಬಗ್ಗಲ್ಲ.”

ಅವನು ನಕ್ಕ. ಆ ನಗುವಿನ ಸದ್ದು ಹೇಗಿರಬಹುದು... ಶೈಲಜಾ ಮೊದಲ ಬಾರಿ ಹಾಗೆ ಯೋಚಿಸಿದಳು.

ನಾಲ್ಕನೇ ವಯಸ್ಸಿನ ಜ್ವರದಲ್ಲಿ ಅವಳ ಕಿವಿ ಹೋಗಿತ್ತು. ದೂರದೂರಿನ ಶಾಲೆಯಲ್ಲಿ ಸನ್ನೆ ಮಾಡದಂತೆ ಕೈ ಕಟ್ಟಿ ಕೂರಿಸಿ, ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಸಿದರು. ಕಲಿತಳು. ಆದರೆ ಮದುವೆ ಮನೆಯಲ್ಲಿ ಹತ್ತು ಜನ ಒಟ್ಟಿಗೆ ನಗುವಾಗ ಯಾರ ತುಟಿ ನೋಡಬೇಕು? ‘ಯಾಕೆ ನಗ್ತಿದೀರಿ?’ ಎಂದರೆ ಎಲ್ಲರದೂ ಒಂದೇ ಉತ್ತರ. “ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ.”

ಆ ‘ಆಮೇಲೆ’ ಎಂದೂ ಬಂದಿರಲಿಲ್ಲ.

ನಾಗಾರ್ಜುನ ಮಾತ್ರ ಆಮೇಲೆ ಅನ್ನಲಿಲ್ಲ. ತಾಯಿ ಬೊಮ್ಮಕ್ಕನ ಹಳೆಯ ಜೋಕನ್ನೂ ಅರ್ಧ ಕೈಯಲ್ಲಿ, ಅರ್ಧ ಬಾಯಲ್ಲಿ ದಾಟಿಸುತ್ತಿದ್ದ. ಅಷ್ಟು ಹೊತ್ತಿಗೆ ಜೋಕು ತಣ್ಣಗಾಗಿರುತ್ತಿತ್ತು. ಆದರೂ ಶೈಲಜಾ ನಗುತ್ತಿದ್ದಳು.

ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಅವನು ಎದುರು ನಿಂತ.

“ಶೈಲಜಾ,” ಎಂದ. ಟೀಚರ್ ಅನ್ನಲಿಲ್ಲ! “ಅವ್ವನ ಹತ್ರ ನಿನ್ನ ವಿಷ್ಯ ಮಾತಾಡ್ತೀನಿ. ಜಾತಿ ಬೇರೆ, ಗೊತ್ತೈತೆ. ಸೋಮವಾರ ಬಾ. ಉತ್ತರ ಹೇಳ್ತೀನಿ.”

ಅವಳ ಉತ್ತರ ಅವಳ ಮುಖದಲ್ಲೇ ಇತ್ತು.

ಸೋಮವಾರ ಬೇಗನೇ ಬಂದಳು. ಬೀದಿಯ ಕಿಟಕಿಯಲ್ಲಿ ಬೊಮ್ಮಕ್ಕನ ಮುಖ ಕಂಡಿತು, ಪಕ್ಕದಲ್ಲಿ ನಾಗಾರ್ಜುನ. ತಾಯಿಯ ತುಟಿ ‘ಶೈಲಜಾ’ ಎಂದಿತು. ಹೆಜ್ಜೆ ತಾನಾಗಿ ನಿಂತಿತು.

ಮುಂದಿನ ಮಾತೂ ಕಂಡಿತು.

ಬೇಡ.

ಇಲ್ಲ, ಅವನು ಒಪ್ಪುವುದಿಲ್ಲ... ಈಗ ಏನಾದರೂ ಹೇಳುತ್ತಾನೆ...

ನಾಗಾರ್ಜುನ ತಲೆಯಾಡಿಸಿದ. ಅವನ ತುಟಿಯೂ ಅದನ್ನೇ ಹೇಳಿತು. ಬೇಡ. ಹೇಳಿ, ನಕ್ಕ!

ಅವಳು ಬಾಗಿಲು ತಟ್ಟಲಿಲ್ಲ.

ಚಳ್ಳಕೆರೆಯ ಬಸ್ಸಿನಲ್ಲಿ ಹಾಡು ಹಾಕಿದ್ದರು. ಸೀಟಿನ ಕಬ್ಬಿಣ ನಡುಗುವುದರಿಂದ ಅವಳಿಗೆ ಅದು ಗೊತ್ತಾಗುತ್ತಿತ್ತು. ಪಕ್ಕದ ಹೆಂಗಸು ಏನೋ ಕೇಳಿದಳು. ಶೈಲಜಾ ಸುಮ್ಮನೆ ಹೂಂಗುಟ್ಟಿದಳು. ಕಿಟಕಿಯ ಆಚೆ ಕಲ್ಲುಗುಡ್ಡ, ಜಾಲಿ, ಮತ್ತೆ ಕಲ್ಲುಗುಡ್ಡ. ಬಸ್ಸಿನ ತುಂಬ ಜನ. ಅವಳ ಪಾಲಿಗೆ ಯಾರೂ ಇರಲಿಲ್ಲ.

‘ಯಾಕೆ ಬರ್ಲಿಲ್ಲ?’ ಎಂದು ಅವನ ಮೆಸೇಜ್ ಬಂತು.

‘ನಿಮ್ಮ ಉತ್ತರ ನೋಡಿದೆ. ಇನ್ನು ಮೆಸೇಜ್ ಮಾಡಬೇಡಿ.’ ಬರೆದು ಅವನ ನಂಬರ್ ಬ್ಲಾಕ್ ಮಾಡಿದಳು.

ರಾಯಚೂರಿನ ಕಡೆ ಕಳಿಸಿ ಎಂದು ಸಂಶೋಧನೆಯವರನ್ನು ಕೇಳಿಕೊಂಡಳು. ಒಪ್ಪಿಗೆಯೂ ಬಂತು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ತಾಯಿ ದುರುಗಕ್ಕನಿಗೆ ಮಾತ್ರ ಕಾರಣ ಹೇಳಲಿಲ್ಲ. ಮಗಳು ಊಟ ಬಿಟ್ಟಳು, ಕನ್ನಡಿಯ ಮುಂದೆ ತನ್ನದೇ ತುಟಿ ನೋಡುತ್ತ ಕೂರತೊಡಗಿದಳು. ದುರುಗಕ್ಕ ಎದುರು ಬಂದು ಮಾತಾಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದರೆ ಅವಳೊಡನೆ ಯಾರಿಗೂ ಮಾತಾಡಲಾಗದು.

ರಾಯಚೂರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು.

“ಯಾರಪ್ಪ ಅದು, ಬಾಗ್ಲು ಮುರೀತೀಯಾ? ಅವ್ಳಿಗೆ ಕೇಳ್ಸಲ್ಲ,” ಎನ್ನುತ್ತ ದುರುಗಕ್ಕ ಬಂದಳು.

“ನಿಮಗೆ ಕೇಳ್ತೈತಲ್ಲಮ್ಮ, ಅದಕ್ಕೇ ಬಡಿದೆ. ಮೊಳಕಾಲ್ಮೂರಿನ ನಾಗಾರ್ಜುನ.”

ದುರುಗಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಓ... ಊಟ ಬಿಡಿಸಿದೋನು ನೀನೇನಾ? ಒಳಗೆ ಬಾ. ನಾನು ಒಲೆ ಮುಂದೆ ಇರ್ತೀನಿ. ಅವ್ಳನ್ನ ಅಳಿಸಿದ್ಯೋ, ಸೌದೆ ಕೈಯಾಗೇ ಐತೆ!”

ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಶೈಲಜಾ ಅವನನ್ನು ಕಂಡು ಎದ್ದಳು. ಕಣ್ಣು ಮುಚ್ಚಿಕೊಂಡಳು.

ಅವನು ಕರೆಯಲಿಲ್ಲ. ಮುಟ್ಟಲಿಲ್ಲ. ಕೊನೆಗೆ ಅವಳೇ ಕಣ್ಣು ತೆರೆದಾಗ ಅವನು ಅಲ್ಲೇ ನಿಂತಿದ್ದ.

“ತೇಜು ದಿನಾ ನೀನೆಲ್ಲಿ ಅಂತ ಕೇಳ್ತಾಳೆ,” ಎಂದ. “ನಾನು ನಾಳೆ, ನಾಳೆ ಅಂತೀನಿ. ಈಗ ಅಪ್ಪ ಊರಿಗೆ ಹೋದ್ರೂ ನಾಳೆ ಅಂದ್ರೆ ನಂಬಲ್ಲ, ಅಳ್ತಾಳೆ. ನೀನು ಕಲಿಸಿದ ಮಾತನ್ನ ನಾನೇ ಸುಳ್ಳು ಮಾಡ್ಬಿಟ್ಟೆ. ಯಾವ ಉತ್ತರ ನೋಡ್ದೆ ನೀನು? ಅದೊಂದು ಹೇಳು. ಹೋಗ್ತೀನಿ.”

“ಕಿಟಕೀಲಿ ನೋಡ್ದೆ. ನಿಮ್ಮವ್ವ ‘ಶೈಲಜಾ ಬೇಡ’ ಅಂದ್ರು. ನೀನೂ ಬೇಡ ಅಂದೆ. ನಗ್ತಾ ಅಂದೆ!”

“ಬೇಡ ಅಂದ್ನಾ? ನಾನಾ?” ಅವನು ದಿಕ್ಕು ತಪ್ಪಿದವನಂತೆ ಕೂತ. ಸೋಮವಾರದ ಮಾತುಗಳನ್ನು ಒಂದೊಂದಾಗಿ ನೆನೆದ. ಅಂದು ತಾಯಿ ಮಗ ಮಾತಾಡಿದ್ದು ತೆಲುಗಿನಲ್ಲಿ...

ಸಟ್ಟನೆ ತಲೆ ಎತ್ತಿದ.

“ಮೇಡ! ಅದು ಮೇಡ ಕಣೇ! ‘ಶೈಲಜಕಿ ಮೇಡ ಗದಿ ಇದ್ದಾಂ’ ಅಂದ್ಲು ಅವ್ವ. ಮೇಡ ಅಂದ್ರೆ ತೆಲುಗಲ್ಲಿ ಮಹಡಿ. ಮದ್ವೆಯಾದ್ಮೇಲೆ ಮಹಡಿ ಮೇಲಿನ ರೂಮು ನಿನಗೆ ಕೊಡಾಣ ಅಂದ್ಲು. ಕೆಳಗೆ ಮಗ್ಗದ ಮನೆ ಕತ್ಲು, ಆ ಹುಡ್ಗಿಗೆ ತುಟಿ ಕಾಣಲ್ಲ, ಮೇಲೆ ಎರಡು ಕಿಟಕಿ ಐತೆ, ಬೆಳಕೈತೆ ಅಂತ. ನಾನೂ ‘ಮೇಡ’ ಅಂದೆ, ಅದೇ ಒಳ್ಳೇದು ಅಂತ.”

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಮೇಡ. ಬೇಡ. ಎರಡಕ್ಕೂ ತುಟಿ ಒಂದೇ ರೀತಿ ಮುಚ್ಚಿ, ಒಂದೇ ರೀತಿ ತೆರೆಯಿತು.

ಈ ಮಕ್ಕಳಿಗೆ ತುಟಿಯ ಮೇಲೆ ಎರಡು ಭಾಷೆ ಕಲಸಿಹೋಗುತ್ತವೆ ಎಂದು ಸಂಶೋಧನೆಗೆ ತಾನೇ ಬರೆದುಕೊಟ್ಟಿದ್ದಳಲ್ಲ!

“ಒಂದು ಮಾತು ಕೇಳ್ಬಾರ್ದಿತ್ತಾ?” ಎಂದ ನಾಗಾರ್ಜುನ. ಅವನ ಕಣ್ಣು ತುಂಬಿತ್ತು. “ಅಷ್ಟು ಸುಲಭಕ್ಕೆ ನಂಬ್ಬಿಟ್ಯಲ್ಲ...”

“ಆ ಮಾತು ನಂಗೆ ರೂಢಿ,” ಎಂದಳು ಶೈಲಜಾ. “ಜೊತೆಗೆ ಆಟಕ್ಕೆ ಬೇಡ. ಮದುವೆ ಮನೆಗೆ ಬೇಡ. ನೋಡೋಕೆ ಬಂದ ಗಂಡಿನ ಕಡೆಯೋರು ಮೆಟ್ಟಿಲು ಇಳೀತಾ, ಬೇಡ. ಬೇರೆ ಮಾತು ತಪ್ಪಿಸ್ಕೊಂಡ್ರೂ ಆ ಒಂದು ಮಾತು ನಂಗೆ ಯಾವತ್ತೂ ತಪ್ಪಿಲ್ಲ. ಎಲ್ಲಾರ ತುಟೀಲೂ ಮೊದ್ಲು ಅದನ್ನೇ ಹುಡುಕ್ತೀನಿ...”

ಅವಳು ಅತ್ತಳು. ತನ್ನ ಅಳುವಿನ ಸದ್ದು ಎಷ್ಟಿದೆಯೆಂದು ಅವಳಿಗೆ ತಿಳಿಯದು. ಒಲೆಯ ಮುಂದಿದ್ದ ದುರುಗಕ್ಕ ಸೌದೆ ಹಿಡಿದು ಬಂದವಳು, ಇಬ್ಬರ ಮುಖ ನೋಡಿ ಮೆಲ್ಲಗೆ ಹಿಂದೆ ಸರಿದಳು.

ಬಹಳ ಹೊತ್ತಿನ ಮೇಲೆ ಶೈಲಜಾ ಕಣ್ಣೊರೆಸಿಕೊಂಡಳು. ಕೈ ಚಾಚಿ, ಬೆರಳ ತುದಿಯನ್ನು ಅವನ ಮೂಗಿನ ಪಕ್ಕಕ್ಕೆ ಇಟ್ಟಳು. ಅವನು ಬೆಚ್ಚಿದ.

“ಹಿಂಗೇ ಕಲಿಸ್ತಿದ್ರು ನಮ್ಗೆ. ‘ಮ’ ಅಂದ್ರೆ ಮೂಗು ನಡುಗ್ತೈತೆ. ‘ಬ’ ಅಂದ್ರೆ ನಡುಗಲ್ಲ. ಹೇಳು.”

“ಮೇಡ.”

ಬೆರಳಿನ ಕೆಳಗೆ ಸಣ್ಣದೊಂದು ಗುಂಯ್‌ಗುಡುವಿಕೆ. ಅವಳ ಮುಖ ಅರಳಿತು.

“ಇನ್ನೊಂದು ಹೇಳ್ತೀನಿ,” ಎಂದ ಅವನು. ತುಟಿ ಮುಚ್ಚಿ ತೆರೆಯಿತು. ಮೂಗು ನಡುಗಲಿಲ್ಲ. ‘ಬ’! ಮತ್ತೆ ಅದೇ ಮಾತೇ? ಆದರೆ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಕೊನೆಯಲ್ಲಿ ತುಟಿ ದುಂಡಗಾಯಿತು...

ಬೇಕು.

“ಏನಂದೆ?” ಎಂದಳು, ಗೊತ್ತಾಗಿದ್ದರೂ.

“ನೀನು ಬೇಕು ಅಂದೆ.”

“ಜೋರಾಗಿ ಹೇಳು.”

“ಜೋರಾಗಿ ಹೇಳಿದ್ರೂ ನಿಂಗೆ ಕೇಳಲ್ವಲ್ಲೇ?”

“ಅವ್ವಂಗೆ ಕೇಳ್ಲಿ.”

ಅವನು ಹೇಳಿದ. ಒಳಗಿನಿಂದ ಏನೋ ಉತ್ತರ ಬಂದಿರಬೇಕು. ನಾಗಾರ್ಜುನ ಕಿವಿಯ ತನಕ ಕೆಂಪಾದ.

“ಏನಂದ್ಲು ಅವ್ವ? ಈಗ್ಲೇ ಹೇಳು,” ಎಂದಳು ಶೈಲಜಾ.

“ಸರಿಯಾಗಿ ಕೇಳಿಸ್ಲಿಲ್ವಂತೆ. ಇನ್ನೊಂದ್ಸಲ ಹೇಳ್ಬೇಕಂತೆ.”